ಬೇರಿಂಗ್ ಜಲಸಂಧಿಗೆ ಸೇತುವೆ: ಪ್ರಸ್ತಾವವನ್ನು ಅಳೆದು ನೋಡುವ ಕ್ರಮ

ಅಲಾಸ್ಕಾವನ್ನು ರಷ್ಯಾದ ಚುಕೋಟ್ಕಾಕ್ಕೆ ಜೋಡಿಸುವ ಸೇತುವೆಯ ಪ್ರಸ್ತಾವ ಹೊಸದೇನಲ್ಲ. ಮುಂದೆ ಗೋಲ್ಡನ್ ಗೇಟ್ ಸೇತುವೆಯ ಮುಖ್ಯ ಎಂಜಿನಿಯರ್ ಆದ ಜೋಸೆಫ್ ಸ್ಟ್ರಾಸ್, 1892ರಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಇಲ್ಲಿಗೊಂದು ರೈಲು ಸೇತುವೆಯನ್ನು ತಮ್ಮ ಪ್ರಬಂಧದಲ್ಲಿ ಕಲ್ಪಿಸಿದ್ದರು. ಇಂಥ ಪ್ರಸ್ತಾವ ಮತ್ತೆ ಸುದ್ದಿಗೆ ಬಂದಾಗ ಅದನ್ನು ತೂಗಿ ನೋಡಲು ನಾವು ಎಂಜಿನಿಯರ್‌ಗಳೇ ಆಗಬೇಕಿಲ್ಲ. ಕೆಲವು ಪ್ರಶ್ನೆಗಳನ್ನು ಸರಿಯಾದ ಕ್ರಮದಲ್ಲಿ ಕೇಳಿದರೆ ಸಾಕು.

ಮೊದಲು ಉದ್ದವನ್ನು ಬದಿಗಿಟ್ಟು ಆಳವನ್ನು ನೋಡಿ. ಜಿಬ್ರಾಲ್ಟರ್ ಜಲಸಂಧಿಯ ಅತಿ ಕಿರಿದಾದ ಭಾಗ ಕೇವಲ 14 ಕಿ.ಮೀ. ಅಗಲವಿದ್ದರೂ ಅಲ್ಲಿನ ಆಳ ನೂರಾರು ಮೀಟರ್. ಕಂಬ ಊರಲು ನೆಲವೇ ಎಟುಕುವುದಿಲ್ಲ. ಬೇರಿಂಗ್ ಸುಮಾರು 85 ಕಿ.ಮೀ. ಅಗಲವಾದರೂ ಬಹುಪಾಲು ಕಡೆ 30ರಿಂದ 50 ಮೀಟರ್ ಆಳವಷ್ಟೇ ಇದೆ. ಗ್ರೀಸಿನ ರಿಯೊನ್–ಆಂಟಿರಿಯೊನ್ ಸೇತುವೆಯ ಕಂಬಗಳು 2004ರಿಂದಲೂ ಸುಮಾರು 65 ಮೀಟರ್ ಆಳದ ನೀರಿನಲ್ಲಿ ನಿಂತಿವೆ. ಸಾಲದ್ದಕ್ಕೆ ಬೇರಿಂಗ್‌ನ ನಡುವೆ ಎರಡು ಡಯೋಮೀಡ್ ದ್ವೀಪಗಳಿವೆ. ಅವುಗಳ ನಡುವಿನ ಅಂತರ ಸುಮಾರು 4 ಕಿ.ಮೀ.; ಅಂತರರಾಷ್ಟ್ರೀಯ ದಿನಾಂಕ ರೇಖೆ ಅಲ್ಲೇ ಹಾದುಹೋಗುವುದರಿಂದ ಅಲಾಸ್ಕಾ ಕಡೆಯಿಂದ ಸೇತುವೆ ದಾಟುವವರು ಭಾನುವಾರದಿಂದ ನೇರ ಸೋಮವಾರಕ್ಕೆ ಕಾಲಿಡುತ್ತಾರೆ.

ಎರಡನೆಯದು ಮಂಜುಗಡ್ಡೆ, ಮತ್ತು ಇಲ್ಲಿ ನಿಧಾನಿಸಬೇಕು. ವರ್ಷದ ಅರ್ಧಕ್ಕೂ ಹೆಚ್ಚು ಕಾಲ ಈ ಜಲಸಂಧಿಯಲ್ಲಿ ಗಡ್ಡೆಗಳು ಪ್ರವಾಹದೊಡನೆ ಚಲಿಸುತ್ತಾ ಎದುರಿಗೆ ಸಿಕ್ಕಿದ್ದನ್ನು ತಳ್ಳುತ್ತವೆ. ಹೋಲಿಕೆಗೆ ಕೆನಡಾದಲ್ಲಿ 1997ರಲ್ಲಿ ತೆರೆದ 12.9 ಕಿ.ಮೀ. ಉದ್ದದ ಕಾನ್‌ಫೆಡರೇಷನ್ ಸೇತುವೆಯನ್ನು ತೆಗೆದುಕೊಳ್ಳಿ. ಅದರ ಕಂಬಗಳ ಸುತ್ತ ನೀರಿನ ಮಟ್ಟದಲ್ಲಿ ಶಂಕುವಿನಾಕಾರದ ಕಾಂಕ್ರೀಟ್ ಕವಚವಿದೆ. ಬಂದು ಬಡಿಯುವ ಗಡ್ಡೆ ಆ ಇಳಿಜಾರನ್ನು ಏರಿ, ಬಾಗಿ, ತನ್ನ ಭಾರಕ್ಕೇ ಮುರಿದು ಬೀಳುತ್ತದೆ. ಅಲ್ಲಿನ ಮುಖ್ಯ ಕಂಬಗಳ ಅಂತರ 250 ಮೀಟರ್. ಅದೇ ಅಂತರದಲ್ಲಿ ಬೇರಿಂಗ್‌ಗೆ ಸುಮಾರು 340 ಕಂಬಗಳು ಬೇಕು. ಕೆನಡಾದವರು ದಡದಲ್ಲೇ ಎರಕ ಹೊಯ್ದ ಬೃಹತ್ ತೊಲೆಗಳನ್ನು ತೇಲುವ ಕ್ರೇನಿನಿಂದ ಒಯ್ದು ಕೂರಿಸಿದರು. ಆದ್ದರಿಂದ ಪ್ರಸ್ತಾವದಲ್ಲಿ ಆ ಎರಕದ ಅಂಗಳ ಎಲ್ಲಿರುತ್ತದೆ, ಬೇಸಿಗೆಯ ಕೆಲವೇ ತಿಂಗಳಲ್ಲಿ ಎಷ್ಟು ತೊಲೆ ಕೂರಿಸಬಹುದು ಎಂಬ ಲೆಕ್ಕವನ್ನು ಹುಡುಕಿ. ಕಷ್ಟ ನಿಜ, ಆದರೆ ನನ್ನ ಅಂದಾಜಿನಲ್ಲಿ ಅಸಾಧ್ಯವಲ್ಲ.

ಯೋಜನೆ ಸೋಲುವುದು ಹೆಚ್ಚಾಗಿ ನೆಲದ ಮೇಲೆ. ನಕಾಶೆಯಲ್ಲಿ ಸೇತುವೆಯ ಎರಡೂ ತುದಿಗಳಿಂದ ಬೆರಳು ಸರಿಸಿ, ರಸ್ತೆ ಎಲ್ಲಿ ಸಿಗುತ್ತದೆಂದು ನೋಡಿ. ಅಲಾಸ್ಕಾದ ಪಶ್ಚಿಮ ಕರಾವಳಿಯ ನೋಮ್ ಪಟ್ಟಣಕ್ಕೇ ಒಳನಾಡಿನ ಫೇರ್‌ಬ್ಯಾಂಕ್ಸ್ ನಗರದಿಂದ ರಸ್ತೆಯಿಲ್ಲ. ರಷ್ಯಾದ ಕಡೆ ಮಗದಾನ್‌ವರೆಗೆ ರಸ್ತೆಯಿದೆ, ಅಲ್ಲಿಂದ ಜಲಸಂಧಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರ. ನಡುವಿನ ನೆಲವೋ ಸದಾ ಹೆಪ್ಪುಗಟ್ಟಿದ್ದು, ಮೇಲ್ಪದರ ಕರಗಿದಲ್ಲೆಲ್ಲ ರಸ್ತೆ ಕುಸಿಯುತ್ತದೆ. ಈ ಖರ್ಚನ್ನು ಸೇರಿಸದ ಅಂದಾಜುಪಟ್ಟಿಯನ್ನು ಪೂರ್ಣವೆಂದು ಒಪ್ಪಬೇಡಿ.

ರೈಲಿನ ಪ್ರಸ್ತಾವವಾದರೆ ಹಳಿಗಳ ಅಗಲವನ್ನೂ ಕೇಳಿ: ರಷ್ಯಾದಲ್ಲಿ 1,520 ಮಿ.ಮೀ., ಅಮೆರಿಕದಲ್ಲಿ 1,435 ಮಿ.ಮೀ. ಸರಕನ್ನು ಯಾವ ದಡದಲ್ಲಿ ಇಳಿಸಿ ಹತ್ತಿಸಬೇಕು, ಹಾಗೆ ಮಾಡಿಯೂ ಅದು ಪೆಸಿಫಿಕ್ ದಾಟುವ ಕಂಟೇನರ್ ಹಡಗಿಗಿಂತ ಅಗ್ಗವಾಗಬಲ್ಲದೇ ಎಂಬುದಕ್ಕೆ ಪ್ರಸ್ತಾವ ಮಾಡಿದವರೇ ಅಂಕಿಗಳಲ್ಲಿ ಉತ್ತರ ಕೊಡಬೇಕು.