ಹಳಿ ಇಲ್ಲದ ರೈಲಿನಲ್ಲಿ ಕೀ ವೆಸ್ಟ್ ಸುತ್ತಿದೆ

ನಾನು ಹಾಸನದವನು. ಬೇಲೂರು, ಹಳೇಬೀಡಿನಲ್ಲಿ ಪ್ರವಾಸಿಗರಿಗೆ ದೇವಸ್ಥಾನ ತೋರಿಸುವುದೇ ನನ್ನ ಕೆಲಸ. ಹೋದ ವರ್ಷ ಅಮೆರಿಕದ ಮಿಯಾಮಿಯಲ್ಲಿರುವ ಅಕ್ಕನ ಮಗನ ಮನೆಗೆ ಹೋಗಿದ್ದೆ. "ಮಾವ, ದಿನಾ ನೀವೇ ತೋರಿಸ್ತೀರಿ. ಒಂದ್ಸಲ ಸುಮ್ನೆ ಕೂತು ನೋಡಿ" ಅಂತ ಕೀ ವೆಸ್ಟ್ ದ್ವೀಪಕ್ಕೆ ಕರೆದುಕೊಂಡು ಹೋದ.

ಕಾರಿನಲ್ಲಿ ಸುಮಾರು 260 ಕಿ.ಮೀ. ದ್ವೀಪದಿಂದ ದ್ವೀಪಕ್ಕೆ ಸೇತುವೆ ಮೇಲೆ ಸೇತುವೆ. ಅಲ್ಲಲ್ಲಿ ಹಳೆಯ ರೈಲು ಸೇತುವೆಯೊಂದು ತುಂಡಾಗಿ ನೀರಿನಲ್ಲಿ ನಿಂತಿದೆ. ರೈಲು ಉದ್ಯಮಿ ಹೆನ್ರಿ ಫ್ಲ್ಯಾಗ್ಲರ್ 1912ರಲ್ಲಿ ಈ ಊರಿಗೆ ರೈಲು ತಂದರು. 1935ರ ಚಂಡಮಾರುತ ಹಳಿಗಳನ್ನು ಕಿತ್ತೆಸೆಯಿತು. ಮತ್ತೆ ರೈಲು ಬರಲೇ ಇಲ್ಲ. 1938ರಲ್ಲಿ ಅದೇ ದಾರಿಯಲ್ಲಿ ರಸ್ತೆ ಬಂತು. ನಮ್ಮ ಹಾಸನ–ಮಂಗಳೂರು ಪ್ಯಾಸೆಂಜರ್ ರೈಲು ಹಳಿ ಬದಲಿಸಲು ಹತ್ತು ವರ್ಷಕ್ಕೂ ಜಾಸ್ತಿ ನಿಂತಿತ್ತು, ಅಲ್ವಾ? ಆ ಸಂಕಟ ಗೊತ್ತಿದ್ದವನಿಗೆ ಆ ಸೇತುವೆ ನೋಡಿ ಹೊಟ್ಟೆ ಚುರುಕ್ ಅಂತು.

ಈಗ ಆ ಊರಲ್ಲಿ ಓಡುವುದು ಕಾಂಕ್ ಟೂರ್ ಟ್ರೇನ್, 1958ರಿಂದ. ಕಾಂಕ್ ಅಂದರೆ ಶಂಖ. ಮುಂದೆ ಇಂಜಿನ್ ವೇಷ ಹಾಕಿದ ಗಾಡಿ, ಹಿಂದೆ ಟಯರ್ ಮೇಲೆ ಓಡುವ ತೆರೆದ ಬೋಗಿಗಳು. ಬೆಳಿಗ್ಗೆಯೇ ಹತ್ತಿ, ಆಮೇಲೆ ಸೆಕೆ ತಡೆಯೋಕಾಗಲ್ಲ. ನಾನು ಬೇಕೆಂದೇ ಮುಂದಿನ ಬೋಗಿ ಹಿಡಿದೆ. ಓಡಿಸುವ ಹೆಂಗಸೇ ಮೈಕಿನಲ್ಲಿ ಊರಿನ ಕಥೆ ಹೇಳುತ್ತಿದ್ದರು. ನನಗೆ ಬೇಕಾಗಿದ್ದೂ ಅದೇ.

ಒಂದು ಮರದ ಮನೆ ಎದುರು ಅವರು ಗಾಡಿ ನಿಧಾನ ಮಾಡಿದರು. "ಕಿಟಕಿ ನೋಡಿ" ಅಂದು ಸುಮ್ಮನಾದರು. ಎಲ್ಲರೂ ಕತ್ತು ಬಗ್ಗಿಸಿದೆವು. ಮಹಡಿಯ ಕಿಟಕಿಗಳು ಅರ್ಧ ಮುಚ್ಚುವಷ್ಟು ಸೂರು ಕೆಳಗಿಳಿದಿತ್ತು, ಕಣ್ಣಿನ ಮೇಲೆ ಹುಬ್ಬು ಇಳಿದ ಹಾಗೆ. ಆಮೇಲೆ ಹೇಳಿದರು: ಇದಕ್ಕೆ ಹುಬ್ಬಿನ ಮನೆ ಅಂತಲೇ ಹೆಸರು, ಒಳಗೆ ಬಿಸಿಲು ಬೀಳದಿರಲಿ ಅಂತ ಹೀಗೆ ಕಟ್ಟಿದ್ದು. ಛಾವಣಿಯ ಮಳೆನೀರು ತೊಟ್ಟಿಗೆ ಇಳಿಯುತ್ತಿತ್ತು. ದ್ವೀಪದಲ್ಲಿ ಹೊಳೆ ಇಲ್ಲ, 1942ರಲ್ಲಿ ಪೈಪಿನ ನೀರು ಬರುವ ತನಕ ಜನ ಹೆಚ್ಚಾಗಿ ಆ ನೀರನ್ನೇ ನಂಬಿದ್ದರು.

ಮುಂದೆ ಕೋಳಿಯೊಂದು ಮರಿಗಳ ಜೊತೆ ರಸ್ತೆ ದಾಟಿತು. ಗಾಡಿ ನಿಂತಿತು. ಹೇಳಬೇಕೆಂದಿದ್ದ ಮಾತು ಬಿಟ್ಟು ಕೋಳಿಯ ಕಥೆ ಶುರು ಮಾಡಿದರು. ಕ್ಯೂಬಾದಿಂದ ಸಿಗಾರ್ ಸುತ್ತಲು ಬಂದವರು ಕೋಳಿ ಅಂಕವನ್ನೂ ತಂದರಂತೆ. ಅಂಕ ನಿಂತ ಮೇಲೆ ಕೋಳಿಗಳು ಬೀದಿ ಪಾಲಾದವು. ಅಲ್ಲಿಂದ 1886ರ ದೊಡ್ಡ ಬೆಂಕಿ, ಸಿಗಾರ್ ಕಾರ್ಖಾನೆಗಳು ಸುಟ್ಟಿದ್ದು, ಎಲ್ಲ ಬಂತು. ಇಸವಿಯಿಂದ ಶುರು ಮಾಡಿದ್ದರೆ ಯಾರೂ ಕೇಳುತ್ತಿರಲಿಲ್ಲ.

ದಕ್ಷಿಣದ ತುದಿಯಲ್ಲಿ "ಕ್ಯೂಬಾಗೆ 90 ಮೈಲಿ" ಅಂತ ಬರೆದ ಬಣ್ಣದ ಗುರುತಿದೆ. ಫೋಟೋಗೆ ಉದ್ದ ಕ್ಯೂ. ದಾರಿಯಲ್ಲಿ ಕಂಡ ದೊಡ್ಡ ಆಲದ ಮರ ನನಗೆ ಅದಕ್ಕಿಂತ ಇಷ್ಟವಾಯಿತು.

ಬೇಲೂರಿನಲ್ಲಿ ನಾನು ಬಾಗಿಲಲ್ಲೇ ನಿಂತು 1117, ವಿಷ್ಣುವರ್ಧನ, ಹೊಯ್ಸಳ ವಂಶ ಎಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದೆ. ಈಗ ಬಂದವರನ್ನು ಮೊದಲು ಗೋಡೆಯ ಬುಡದ ಆನೆ ಸಾಲಿನ ಹತ್ತಿರ ಕರೆದೊಯ್ಯುತ್ತೇನೆ. "ಒಂದರ ಹಾಗೆ ಇನ್ನೊಂದು ಇದೆಯಾ ನೋಡಿ" ಅಂದು ಸುಮ್ಮನಾಗುತ್ತೇನೆ. ಮಕ್ಕಳು ಕುಕ್ಕರುಗಾಲಲ್ಲಿ ಕೂತು ಸೊಂಡಿಲು, ಕಾಲು ಹೋಲಿಸುತ್ತಾ ಮುಂದೆ ಸರಿಯುತ್ತಾರೆ. ಯಾರಾದರೂ ತಲೆಯೆತ್ತಿ "ಇದನ್ನೆಲ್ಲ ಯಾರು ಮಾಡ್ಸಿದ್ದು?" ಅಂತ ಕೇಳಿದಾಗ ವಿಷ್ಣುವರ್ಧನನ ಹೆಸರು ಹೇಳುತ್ತೇನೆ.