ಕಂಪ್ಯೂಟರಿಗೆ ಕನ್ನಡ ಓದಿಸಿದ್ದು: ನನ್ನ ಅನುಭವ

ಒಂದು ಪ್ಯಾರಾ ಕೊಟ್ಟು ಪ್ರಶ್ನೆ ಕೇಳಬೇಕು, ಉತ್ತರ ಅದರಲ್ಲಿ ಎಲ್ಲಿದೆ ಅಂತ ಕಂಪ್ಯೂಟರ್ ತೋರಿಸಬೇಕು. ಇಂಗ್ಲಿಷಿನಲ್ಲಿ ಇದಕ್ಕಾಗಿ ಸ್ಟ್ಯಾನ್‌ಫರ್ಡ್‌ನವರು 2016ರಲ್ಲೇ ಲಕ್ಷಕ್ಕೂ ಹೆಚ್ಚು ಪ್ರಶ್ನೆಗಳ ‘ಸ್ಕ್ವಾಡ್’ ಮಾಡಿಟ್ಟಿದ್ದಾರೆ. ನಾನು ಗೂಗಲ್‌ನ ಮ್ಯೂರಿಲ್ ಅನ್ನೋ ಮಾಡೆಲ್ (ಭಾಷೆ ಕಲಿತ ಪ್ರೋಗ್ರಾಂ) ತೆಗೆದುಕೊಂಡೆ. ಭಾರತದ ಭಾಷೆಗಳಿಗೆಂದೇ ಮಾಡಿದ್ದು, ಕನ್ನಡವೂ ಬರುತ್ತದೆ. ಮೊದಲು ಸ್ಕ್ವಾಡ್ ಕೊಟ್ಟು ಪಳಗಿಸಿದೆ. ಆಮೇಲೆ ಕೂತು ಬರೆದ ಕನ್ನಡ ಪ್ರಶ್ನೆಗಳನ್ನು ಕೊಟ್ಟೆ.

ಒಳಗೆ ನಡೆಯುವುದು ಇಷ್ಟೇ. ಪದದ ಒಂದೊಂದು ತುಂಡಿಗೂ ಎರಡು ಅಂಕ ಬೀಳುತ್ತದೆ: ಉತ್ತರ ಇಲ್ಲಿ ಶುರುವಾಗಬಹುದಾ, ಇಲ್ಲಿ ಮುಗಿಯಬಹುದಾ ಅಂತ. ಜಾಸ್ತಿ ಅಂಕ ಬಂದ ಜೋಡಿಯ ನಡುವೆ ಇರುವುದೇ ಉತ್ತರ.

ಕನ್ನಡದಲ್ಲಿ ಪೇಚು ಬರುವುದು ವಿಭಕ್ತಿಯಿಂದ. ‘ಕುವೆಂಪು ಹುಟ್ಟಿದ್ದು ಹಿರೇಕೊಡಿಗೆಯಲ್ಲಿ, ಬೆಳೆದದ್ದು ಕುಪ್ಪಳಿಯಲ್ಲಿ’ ಅಂತ ಪ್ಯಾರಾದಲ್ಲಿದೆ. ಹುಟ್ಟಿದ ಊರು ಯಾವುದು? ನಾವಾದರೆ ‘ಹಿರೇಕೊಡಿಗೆ’ ಅನ್ನುತ್ತೇವೆ. ಮಾಡೆಲ್ ‘ಹಿರೇಕೊಡಿಗೆಯಲ್ಲಿ’ ಅಂದಿತು. ಕುಪ್ಪಳಿ ಅನ್ನಲಿಲ್ಲ, ಅದೇ ದೊಡ್ಡದು ಅಲ್ವಾ! ಆದರೆ ಸ್ಕೋರು ಸೊನ್ನೆ. ಸ್ಕ್ವಾಡ್‌ನ ಉತ್ತರ ಎಷ್ಟು ಸರಿ ಅಂತ ಅಳೆಯುವ ಎಫ್1 ಲೆಕ್ಕ ಪದಕ್ಕೆ ಪದ ಹೋಲಿಸುತ್ತದೆ, ‘ಯಲ್ಲಿ’ ಅಂಟಿದರೆ ಅದರ ಪಾಲಿಗೆ ಬೇರೆ ಪದ.

ಕಲಿಸಲು ಪ್ಯಾರಾದಲ್ಲಿ ಸರಿ ಉತ್ತರಕ್ಕೆ ಗುರುತು ಹಾಕುವಾಗಲೇ ಪ್ರತ್ಯಯ ಕತ್ತರಿಸೋಣ ಅಂದರೆ ‘ಬೆಂಗಳೂರಿನಲ್ಲಿ’ ಹೋಗಿ ‘ಬೆಂಗಳೂರಿನ’ ಉಳಿಯುತ್ತದೆ, ‘ಬೆಂಗಳೂರು’ ಸಿಗುವುದಿಲ್ಲ. ಹಾಗಾಗಿ ಇಡೀ ಪದವನ್ನೇ ಉತ್ತರ ಅಂತ ಗುರುತಿಸಿದೆ. ಅಂಕ ಕೊಡುವಾಗ ಮಾತ್ರ ಅಕ್ಷರಕ್ಕೆ ಅಕ್ಷರ ಹೋಲಿಸಿದೆ. ಪೂರ್ತಿ ನ್ಯಾಯವಲ್ಲ, ಸೊನ್ನೆಗಿಂತ ವಾಸಿ.

ಪದಗಳನ್ನು ತುಂಡು ಮಾಡುವ ಟೋಕನೈಸರ್‌ನಲ್ಲಿ ‘ಸ್ಟ್ರಿಪ್ ಆಕ್ಸೆಂಟ್ಸ್’ ಆಫ್ ಇರಲೇಬೇಕು. ಫ್ರೆಂಚಿನಂಥ ಭಾಷೆಗಳಲ್ಲಿ ಅಕ್ಷರದ ತಲೆಮೇಲಿನ ಗೆರೆ, ಚುಕ್ಕೆ ತೆಗೆಯಲು ಇರುವ ಸೆಟ್ಟಿಂಗ್ ಅದು. ಆನ್ ಇದ್ದರೆ ನಮ್ಮ ಗುಡಿಸು, ಏತ್ವಗಳನ್ನೂ ಕಿತ್ತುಹಾಕುತ್ತದೆ. ‘ಹಿರಿಯ’ ಇದ್ದದ್ದು ‘ಹರಯ’ ಆಗುತ್ತದೆ. (ಕೆಲವರಿಗೆ ಇದು ಇಷ್ಟವಾದೀತು, ಅದು ಬೇರೆ ಮಾತು.) ಜೊತೆಗೆ ‘ಸಾಫ್ಟ್‌ವೇರ್’ ಥರದ ಪದಗಳ ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ ಕೂತಿರುತ್ತದೆ. ಒಬ್ಬರು ಹಾಕಿ, ಇನ್ನೊಬ್ಬರು ಬಿಟ್ಟರೆ ಎರಡೂ ಬೇರೆ ಪದವಾಗಿಬಿಡುತ್ತವೆ. ಹೋಲಿಸುವ ಮುಂಚೆ ಅದನ್ನು ಎರಡೂ ಕಡೆ ತೆಗೆದುಬಿಡುತ್ತೇನೆ.

ಇನ್ನೊಂದು ಕಾಟ, ಗೊತ್ತಿಲ್ಲ ಅನ್ನಲು ಬಾರದಿರುವುದು. ಕುವೆಂಪು ಅವರ ತಾತ ಹುಟ್ಟಿದ ಊರು ಕೇಳಿದರೂ ಸುಮ್ನೆ ಹಿರೇಕೊಡಿಗೆಯನ್ನೇ ತೋರಿಸುತ್ತಿತ್ತು. ಸ್ಕ್ವಾಡ್‌ಗೂ 2018ರಲ್ಲಿ ಉತ್ತರವಿಲ್ಲದ 50,000ಕ್ಕೂ ಹೆಚ್ಚು ಪ್ರಶ್ನೆ ಸೇರಿಸಿದ್ದು ಇದಕ್ಕೇ. ಈಗ ಪ್ರತಿ ಪ್ಯಾರಾಕ್ಕೂ ಅಂಥದ್ದೊಂದು ಬರೆಯುತ್ತೇನೆ. ಪ್ಯಾರಾದಲ್ಲಿ ಇರುವ ಹೆಸರುಗಳನ್ನೇ ಬಳಸಿ ಕೇಳಬೇಕು, ಇಲ್ಲದಿದ್ದರೆ ಪದ ಹೊಂದಲಿಲ್ಲ ಅಂತಲೇ ಮಾಡೆಲ್ ಸುಲಭವಾಗಿ ಪಾರಾಗುತ್ತದೆ.