ಧಾರವಾಡದಿಂದ ಹೋಗಿ ಬಳಚು ಎಣಿಸಿದ್ದು

“ಧಾರವಾಡದಾಗ ಕುಂತು ಸಮುದ್ರದ ಬಳಚು ಎಣಸ್ತೀರೇನ್ರಿ ಸರ?” ಅಂತ ನಮ್ಮ ಕಾಲೇಜಿನಲ್ಲಿ ಎರಡು ವರ್ಷ ನಕ್ಕರು. ಬಳಚು ಅಂದರೆ ಅಳಿವೆಯ ಮರಳಲ್ಲಿ ಹೂತಿರುವ, ಸಾರಿಗೆ ಹಾಕುವ ಎರಡು ಹೋಳಿನ ಚಿಪ್ಪುಜೀವಿ. ನನ್ನ ಹತ್ತಿರ ದೋಣಿಯೂ ಇರಲಿಲ್ಲ, ಅನುದಾನವೂ ಇರಲಿಲ್ಲ. ಇದ್ದದ್ದು ಅರಬೈಲ್ ಘಟ್ಟ ಇಳಿಯುವ ಬಸ್ಸು, ಅಮಾವಾಸ್ಯೆಯ ಇಳಿತ, ಅಘನಾಶಿನಿ ಅಳಿವೆಯ ಒಂದೇ ಒಂದು ಮರಳುದಿಬ್ಬ.

ಅದು ತಿಂಗಳಿಂದ ತಿಂಗಳಿಗೆ ಎಷ್ಟು ಬೆಳೆಯುತ್ತದೆ ನೋಡಬೇಕಿತ್ತು. ಮೊದಲು ಬಳಚು ಆರಿಸುವ ಹೆಂಗಸರ ಬುಟ್ಟಿಯಿಂದಲೇ ತಿಂಗಳಿಗೆ ಸುಮಾರು 300 ಚಿಪ್ಪು ಅಳೆದೆ. ಗ್ರಾಫಿನ ಗೂನು, ಅಂದರೆ ಅತಿ ಹೆಚ್ಚು ಚಿಪ್ಪು ಇರುವ ಅಳತೆ, ಎಂಟು ತಿಂಗಳಾದರೂ 30 ಮಿ.ಮೀ. ಹತ್ತಿರವೇ ಗೂಟ ಹೊಡೆದಂತೆ ನಿಂತಿತ್ತು. “ಸಣ್ಣದ್ದನ್ನ ನಾವು ಅಲ್ಲೇ ಬಿಡ್ತೇವಲ್ಲ ಮಾಸ್ತರೇ” ಅಂತ ಒಬ್ಬ ಅಮ್ಮ ಅಂದಾಗ ತಲೆಗೆ ಹೋಯಿತು. ಬಸ್ಸು, ಕುಮಟಾದ ರೂಮು ಸೇರಿ ಹತ್ತು ಸಾವಿರದಷ್ಟು ನೀರಿಗೆ. ಎರಡು ಸಾವಿರದ ಡಿಜಿಟಲ್ ವರ್ನಿಯರ್ (ಚಿಪ್ಪು ಅಳೆಯುವ ಸಾಧನ) ಉಪ್ಪುನೀರು ಕುಡಿದು ಸತ್ತದ್ದು ಬೇರೆ. ಆಮೇಲೆ ಗುರುತಿಗೆ ಉಗುರುಬಣ್ಣ ಹಚ್ಚಿ 200 ಬಳಚು ಬಿಟ್ಟೆ, ಮತ್ತೆ ಸಿಕ್ಕಿದ್ದು ನಾಲ್ಕೇ. ಉಳಿದವು ಯಾರ ಸಾರಿಗೆ ಹೋದವೋ!

ಕೊನೆಗೆ 25 ಸೆಂ.ಮೀ. ಕಬ್ಬಿಣದ ಚೌಕಟ್ಟು ಇಟ್ಟು, ಗೇಣುದ್ದ ಅಗೆದು, ಎಲ್ಲವನ್ನೂ ಸಾಣಿಸಿದೆ. ದುರ್ಗದಬೈಲಿನಲ್ಲಿ ಕೊಂಡ ರವಾ ಸಾಣಿಗಿ ಕೆಸರು ಕಟ್ಟಿ ಎರಡನೇ ದಿನವೇ ಹರಿಯಿತು. ಮರದ ಚೌಕಟ್ಟಿಗೆ 2 ಮಿ.ಮೀ. ಸ್ಟೀಲ್ ಜಾಲರಿ ಹೊಡೆಸಿದ ಮೇಲೆ ಮರಿಗಳು ಕಂಡವು. ಡಿಸೆಂಬರಿನಲ್ಲಿ 8–10 ಮಿ.ಮೀ. ಇದ್ದ ಗೂನು ಏಪ್ರಿಲ್ ಹೊತ್ತಿಗೆ ಇಪ್ಪತ್ತರ ಆಸುಪಾಸಿಗೆ ಸರಿದಿತ್ತು. ಆ ಹಾಳೆಯನ್ನು ಸ್ಟಾಫ್ ರೂಮಿನ ಗೋಡೆಗೇ ಅಂಟಿಸಿದೆ.

ಮಳೆಗಾಲದಲ್ಲಿ ಅಳಿವೆ ಸಪ್ಪೆಯಾಗಿ ಬಳಚು ಸಾಯುತ್ತದಲ್ಲ, ಆಗ ಖಾಲಿ ಚಿಪ್ಪನ್ನೂ ಎಣಿಸಿ. ಎರಡು ಹೋಳೂ ಕೂಡಿಯೇ ಇದ್ದರೆ ಅದು ಈಚೆಗೆ ಸತ್ತದ್ದು. ಬಿಡಿ ಹೋಳು ಎಲ್ಲಿಂದಲೋ ಕೊಚ್ಚಿಬಂದಿರಬಹುದು, ಲೆಕ್ಕಕ್ಕೆ ಬೇಡ.

ನಡುವೆ ಹೊನ್ನಾವರದ ಶರಾವತಿಯಲ್ಲೂ ಹತ್ತು-ಹನ್ನೆರಡು ಚೌಕಟ್ಟು ಇಟ್ಟೆ. ಬರಿಗೈ. ವಿದ್ಯುದಾಗಾರಗಳಿಂದ ಬೇಸಿಗೆಯಲ್ಲೂ ಸಿಹಿನೀರು ಇಳಿಯುವ ಹೊಳೆ ಅದು, ಅಘನಾಶಿನಿಗೆ ಅಂಥ ಅಣೆಕಟ್ಟೆ ಇಲ್ಲ. ಇನ್ನೊಂದು ಹುಚ್ಚು: ಬಕೆಟ್ಟಿನಲ್ಲಿ ಲೀಟರಿಗೆ 35 ಗ್ರಾಂ ಅಡುಗೆ ಉಪ್ಪು ಕರಗಿಸಿ ಮನೆಯಲ್ಲಿ ಬಳಚು ಸಾಕಲು ಹೋದೆ. ಮೂರನೇ ದಿನದ ವಾಸನೆಗೆ ಮನೆ ಮಾಲಕರು ಮೇಲೆ ಹತ್ತಿ ಬಂದರು.

ನೀರು ಏರಿಳಿದು ಅಳಿಸಿಹೋಗುವ ದಿಬ್ಬದಲ್ಲಿ ಪ್ರತಿ ತಿಂಗಳು ಅದೇ ಜಾಗ ಹೇಗೆ ಹಿಡಿಯುತ್ತೇನೆ ಅನ್ನುವುದನ್ನು ಮಾತ್ರ ಕೇಳಬೇಡಿ. ಜಿಪಿಎಸ್ ಅಲ್ಲ, ಗೂಟವೂ ಅಲ್ಲ.